ಪ್ರೆಷರ್ ಸ್ಯಾಂಡ್ ಫಿಲ್ಟರಿಗೆ ಮರಳಿನ ಬದಲು ಮರುಬಳಕೆಯ ಗಾಜಿನ ಹರಳು: ಹಾಕಿಸಬಹುದೇ?

ನೀರಗಂಟಿ_ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಜೀನ್ಸ್ ತೊಳೆಯುವ ಘಟಕವೊಂದರ ನೀರಿನ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ವಾಷಿಂಗ್ ಯಂತ್ರಗಳಿಂದ ಬರುವ ನೀರಿಗೆ ಇಟಿಪಿಯಲ್ಲಿ (ಕೊಳಚೆ ನೀರು ಸಂಸ್ಕರಿಸುವ ಘಟಕ) ಸುಣ್ಣ ಮತ್ತು ಆಲಂ (ಪಟಿಕ) ಹಾಕಿ, ಕೆಸರು ತಳಕ್ಕಿಳಿದ ಮೇಲೆ ಗಾಳಿ ಹಾಯಿಸುವ ತೊಟ್ಟಿಗೆ ಬಿಟ್ಟು, ಅಲ್ಲಿಂದ ಸ್ಯಾಂಡ್ ಫಿಲ್ಟರ್, ಕಾರ್ಬನ್ ಫಿಲ್ಟರ್ ದಾಟಿಸಿ ಆರ್‌ಒಗೆ (ಪೊರೆಯ ಮೂಲಕ ಲವಣ ತೆಗೆಯುವ ಯಂತ್ರ) ಕಳುಹಿಸುತ್ತೇವೆ. ಸ್ಯಾಂಡ್ ಫಿಲ್ಟರಿನ ವ್ಯಾಸ 1200 ಮಿ.ಮೀ., ಮರಳಿನ ಆಳ 800 ಮಿ.ಮೀ., ಗಂಟೆಗೆ ಹಾಯುವ ನೀರು 13 ಘನ ಮೀಟರ್.

ಹೊಸ ಮರಳು ತುಂಬಿಸಿದ ಆರೇಳು ತಿಂಗಳಿಗೇ ತೊಂದರೆ ಶುರುವಾಗುತ್ತದೆ. ಒಳಗಿನ ಗೇಜಿಗೂ ಹೊರಗಿನ ಗೇಜಿಗೂ ಒಂದೇ ಪಾಳಿಯಲ್ಲಿ ಚದರ ಸೆಂ.ಮೀ.ಗೆ 1 ಕೆ.ಜಿ. ಒತ್ತಡದ ವ್ಯತ್ಯಾಸ ಬಂದುಬಿಡುತ್ತದೆ, ಆರ್‌ಒ ಮುಂದಿನ ಕಾರ್ಟ್ರಿಜ್‌ಗಳನ್ನು (ಬದಲಿಸಬಲ್ಲ ಸೋಸು ಕೊಳವೆಗಳು) ವಾರಕ್ಕೆ ಎರಡು ಸಲ ಬದಲಿಸಬೇಕಾಗುತ್ತದೆ. ಕಳೆದ ಬಾರಿ ಮ್ಯಾನ್‌ಹೋಲ್ ಬಿಚ್ಚಿದಾಗ ಮರಳಿನ ನಡುವೆ ನೆಲ್ಲಿಕಾಯಿ ಗಾತ್ರದ ನೀಲಿ ಉಂಡೆಗಳು ಕೈಗೆ ಸಿಕ್ಕವು. ಒಡೆದು ನೋಡಿದರೆ ಒಳಗೆ ಮರಳು, ಬಟ್ಟೆಯ ನೂಲು ಮತ್ತು ಲೋಳೆ.

ಈಗ ಒಬ್ಬ ಪೂರೈಕೆದಾರರು ಬಂದು, ಮರುಬಳಕೆಯ ಗಾಜಿನ ಹರಳು ಹಾಕಿಸಿದರೆ ಲೋಳೆ ಅಂಟುವುದೇ ಇಲ್ಲ, ಬ್ಯಾಕ್‌ವಾಶ್ (ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ಫಿಲ್ಟರ್ ತೊಳೆಯುವುದು) ನೀರು ಅರ್ಧಕ್ಕೆ ಇಳಿಯುತ್ತದೆ, ಹತ್ತು ವರ್ಷ ತಿರುಗಿ ನೋಡಬೇಕಾಗಿಲ್ಲ ಎಂದು ಹೇಳಿದ್ದಾರೆ. ಬೆಲೆ ಮರಳಿನ ಹಲವು ಪಟ್ಟು. ಮಾಲೀಕರು ಒಪ್ಪುವ ಹಂತದಲ್ಲಿದ್ದಾರೆ. ಸಹಿ ಬೀಳುವ ಮೊದಲು ಇಲ್ಲಿನ ಅನುಭವಿಗಳ ಅಭಿಪ್ರಾಯ ಬೇಕು.

ಮರಳುಗಡಿಯಾರ:

ನೀರಗಂಟಿಯವರೇ, ಗಾಜಿನ ವಿಷಯಕ್ಕೆ ಬರುವ ಮೊದಲು ಒಂದು ಪ್ರಶ್ನೆ. ಬ್ಯಾಕ್‌ವಾಶ್ ಮಾಡಲು ಯಾವ ಪಂಪ್ ಬಳಸುತ್ತೀರಿ? ಬೇರೆ ಪಂಪ್ ಇದೆಯೇ, ಅಥವಾ ಫಿಲ್ಟರಿಗೆ ನೀರು ಊಡುವ ಪಂಪನ್ನೇ ವಾಲ್ವ್ ತಿರುಗಿಸಿ ಉಪಯೋಗಿಸುತ್ತೀರೋ? ಗಾಳಿ ಕೊಡುವ ಬ್ಲೋವರ್ ಇದೆಯೇ?

ನೀರಗಂಟಿ_ಬಳ್ಳಾರಿ:

ಅದೇ ಪಂಪ್ ಸರ್. ನೇಮ್‌ಪ್ಲೇಟಿನಲ್ಲಿ ಗಂಟೆಗೆ 15 ಘನ ಮೀಟರ್ ಎಂದಿದೆ. ಪಕ್ಕದಲ್ಲಿ ಅಂಥದೇ ಇನ್ನೊಂದು ಸ್ಟ್ಯಾಂಡ್‌ಬೈ ಇದೆ. ಬ್ಲೋವರ್ ಇಲ್ಲ.

ಮರಳುಗಡಿಯಾರ:

ಹಾಗಾದರೆ ನಿಮ್ಮ ನೀಲಿ ಉಂಡೆಗಳ ಮೂಲ ಬಹುಮಟ್ಟಿಗೆ ಅಲ್ಲಿಯೇ ಇದೆ. ಲೆಕ್ಕ ನೋಡಿ. 1200 ಮಿ.ಮೀ. ವ್ಯಾಸದ ಪಾತ್ರೆಯ ಅಡ್ಡಕೊಯ್ತ 1.13 ಚದರ ಮೀಟರ್. ಗಂಟೆಗೆ 13 ಘನ ಮೀಟರ್ ನೀರು ಮೇಲಿನಿಂದ ಕೆಳಗೆ ಹಾಯುವಾಗ ಅದರ ವೇಗ ಗಂಟೆಗೆ ಹನ್ನೊಂದೂವರೆ ಮೀಟರ್, ಇದು ಪ್ರೆಷರ್ ಫಿಲ್ಟರಿಗೆ ಸರಿಯಾದ ವೇಗವೇ. ಆದರೆ ಅದೇ ಪಂಪಿನಿಂದ ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಟ್ಟರೆ ಸಿಗುವುದು ಗಂಟೆಗೆ 13 ಮೀಟರ್ ಚಿಲ್ಲರೆ. ಗಾಳಿಯ ನೆರವಿಲ್ಲದೆ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಗಾತ್ರದ ಮರಳಿನ ಹಾಸನ್ನು ಸಡಿಲಿಸಿ, ಶೇ. 20ರಿಂದ 30ರಷ್ಟು ಉಬ್ಬಿಸಿ, ಕಣಕ್ಕೆ ಕಣ ಉಜ್ಜುವಂತೆ ಮಾಡಬೇಕಾದರೆ ಕನಿಷ್ಠ ಗಂಟೆಗೆ 36 ಮೀಟರಾದರೂ ಬೇಕು. ಅಂದರೆ ನಿಮ್ಮ ಪಾತ್ರೆಗೆ ಗಂಟೆಗೆ ಸುಮಾರು 40 ಘನ ಮೀಟರ್ ಕೊಡುವ ಪಂಪ್. ನೀವು ಇಷ್ಟು ದಿನ ಮಾಡಿರುವುದು ಹಾಸಿನ ನಡುವಿನ ಸಂದುಗಳಲ್ಲಿ ನೀರು ನುಸುಳಿಸಿದ್ದು ಮಾತ್ರ. ಮೇಲ್ಪದರದ ಕೊಳೆ ಒಂದಿಷ್ಟು ಹೋಗುತ್ತದೆ, ನೀರು ತಿಳಿಯಾದಂತೆ ಕಾಣುತ್ತದೆ, ಆಪರೇಟರ್ ವಾಲ್ವ್ ಮುಚ್ಚುತ್ತಾನೆ, ಹಾಸು ಮಾತ್ರ ಕದಲಿರುವುದಿಲ್ಲ.

ಈ ಸ್ಥಿತಿಯಲ್ಲಿ ಗಾಜು ಹಾಕಿದರೆ ಏನಾಗುತ್ತದೆ ಎಂಬುದನ್ನು ಈಗ ಹೇಳಬಹುದು. ಗಾಜಿನ ಸಾಪೇಕ್ಷ ಸಾಂದ್ರತೆ ಸುಮಾರು 2.5, ಮರಳಿನದು 2.65. ನೀರಿನೊಳಗೆ ಮುಳುಗಿದಾಗಿನ ತೂಕದ ಲೆಕ್ಕದಲ್ಲಿ ಗಾಜು ಶೇ. 9ರಷ್ಟು ಹಗುರ. ಅದರ ಹರಳು ಮೂಲೆ ಮೂಲೆಯಾಗಿರುವುದರಿಂದ ಸಂದುಗಳೂ ಹೆಚ್ಚು, ನೀರಿನ ತಳ್ಳುವಿಕೆಯೂ ಹೆಚ್ಚು ತಾಗುತ್ತದೆ. ಆದ್ದರಿಂದ ಒಂದೇ ಗಾತ್ರದ ಮರಳಿಗಿಂತ ಗಾಜು ಕಡಿಮೆ ವೇಗಕ್ಕೇ ಉಬ್ಬುತ್ತದೆ ಎಂಬ ಮಾತು ನಿಜ, ಪೂರೈಕೆದಾರರು ಹೇಳುವ ಬ್ಯಾಕ್‌ವಾಶ್ ಉಳಿತಾಯದ ಬೇರು ಅಲ್ಲಿದೆ. ಆದರೆ ಆ ಕಡಿಮೆ ವೇಗವೂ ನಿಮ್ಮ 13 ಮೀಟರಿಗಿಂತ ಬಹಳ ಮೇಲೆಯೇ ಇರುತ್ತದೆ.

ಇನ್ನೊಂದು ವಿಷಯವನ್ನು ಪೂರೈಕೆದಾರರ ಕೋಷ್ಟಕಗಳು ನಮ್ಮ ಊರಿಗೆ ತಕ್ಕಂತೆ ಹೇಳುವುದಿಲ್ಲ. ಈ ಬಗೆಯ ಸೋಸು ಹರಳುಗಳ ಹಲವು ಮಾಹಿತಿ ಹಾಳೆಗಳು ಯುರೋಪಿನಲ್ಲಿ ತಯಾರಾದವು, ಅಲ್ಲಿನ ನೀರು ತಣ್ಣಗಿರುತ್ತದೆ. 20 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ 1 ಎಂದಿಟ್ಟುಕೊಂಡರೆ 35 ಡಿಗ್ರಿಯಲ್ಲಿ ಅದು 0.72ಕ್ಕೆ ಇಳಿಯುತ್ತದೆ. ಬಿಸಿ ನೀರು ತೆಳು, ಕಣವನ್ನು ಎತ್ತುವ ಕಸುವು ಅದಕ್ಕೆ ಕಡಿಮೆ. ಬಳ್ಳಾರಿಯ ಬೇಸಿಗೆಯಲ್ಲಿ, ಅದೂ ವಾಷಿಂಗ್ ಯಂತ್ರದಿಂದ ಬಿಸಿಯಾಗಿಯೇ ಬಂದ ನೀರಿಗೆ, ಹಾಳೆಯಲ್ಲಿ ಬರೆದಿರುವುದಕ್ಕಿಂತ ಹೆಚ್ಚಿನ ವೇಗ ಬೇಕೇ ಬೇಕು. ಅವರನ್ನು ಕೇಳಿ: ನಿಮ್ಮ ಬ್ಯಾಕ್‌ವಾಶ್ ವೇಗ ಎಷ್ಟು ಡಿಗ್ರಿಯ ನೀರಿಗೆ ಬರೆದದ್ದು? ಉತ್ತರ ಬರುವ ರೀತಿಯಲ್ಲೇ ಅವರಿಗೆ ಎಷ್ಟು ಗೊತ್ತು ಎಂಬುದು ತಿಳಿಯುತ್ತದೆ.

ಹಳೇ_ಸೀಸೆ:

ನಾನು ಗಾಜಿನ ಕಡೆಯವನು. ಒಡೆದ ಬಾಟಲಿಗಳನ್ನು ಗುಜರಿ ಅಂಗಡಿಗಳಿಂದ ಕೊಂಡು, ಬಣ್ಣಕ್ಕೆ ತಕ್ಕಂತೆ ಬೇರ್ಪಡಿಸಿ ಗಾಜಿನ ಕಾರ್ಖಾನೆಗಳಿಗೆ ಕಳುಹಿಸುವುದು ನಮ್ಮ ಮನೆತನದ ವ್ಯಾಪಾರ. ಒಡೆಯದ ಬಿಯರ್ ಬಾಟಲಿ ತೊಳೆದು ಮತ್ತೆ ತುಂಬಲು ಹೋಗುತ್ತದೆ. ಒಡೆದದ್ದು ಕುಲುಮೆಗೆ ಹೋಗುತ್ತದೆ. ಕುಲುಮೆಯಲ್ಲಿ ಗಾಜಿನ ಚೂರು ಶೇ. 10 ಹೆಚ್ಚಾದರೆ ಇಂಧನ ಸುಮಾರು ಶೇ. 2.5ರಿಂದ 3ರಷ್ಟು ಉಳಿಯುತ್ತದೆ, ಹಾಗಾಗಿ ಒಳ್ಳೆಯ ಬಿಳಿ ಗಾಜಿಗೆ ಯಾವಾಗಲೂ ಗಿರಾಕಿ ಇದೆ. ಫಿಲ್ಟರಿನ ಕಡೆಗೆ ಬರಬೇಕಾದದ್ದು ಕುಲುಮೆ ಬೇಡವೆನ್ನುವ ಹಸಿರು ಮತ್ತು ಕಂದು ಬಣ್ಣದ ಬೆರಕೆ ಚೂರು.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ನಮ್ಮ ರಾಶಿಯಲ್ಲಿ ಬಾಟಲಿ ಗಾಜೊಂದೇ ಇರುವುದಿಲ್ಲ. ಪಿಂಗಾಣಿ ಕಪ್‌ಗಳು, ಕಿಟಕಿಯ ಗಾಜು, ಟ್ಯೂಬ್‌ಲೈಟ್ ಚೂರು, ಹಳೆಯ ಟಿವಿಯ ಪಿಕ್ಚರ್ ಟ್ಯೂಬ್, ಎಲ್ಲವೂ ಬರುತ್ತವೆ. ಟ್ಯೂಬ್‌ಲೈಟಿನಲ್ಲಿ ಪಾದರಸ, ಪಿಕ್ಚರ್ ಟ್ಯೂಬಿನಲ್ಲಿ ಸೀಸ. ಅವು ಫಿಲ್ಟರಿನೊಳಗೆ ಹೋಗಲೇಬಾರದು. ಬಾಟಲಿಯ ತಳದಲ್ಲಿ ಒಣಗಿದ ಸಕ್ಕರೆ, ಲೇಬಲಿನ ಗೋಂದು ಉಳಿದಿದ್ದರೆ ಸೂಕ್ಷ್ಮಾಣುಗಳಿಗೆ ನೀವೇ ಊಟ ಬಡಿಸಿದಂತೆ. ಲೋಳೆ ಬೇಡವೆಂದು ಗಾಜು ಹಾಕಿಸಿ, ತೊಳೆಯದ ಗಾಜಿನಿಂದಲೇ ಲೋಳೆ ಬೆಳೆಸಿದವರನ್ನು ನಾನು ನೋಡಿದ್ದೇನೆ.

ಮಾದರಿ ತರಿಸಿದಾಗ ಹೀಗೆ ಮಾಡಿ. ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಒಂದು ಹಿಡಿ ಹರಡಿ, ಬರಿಗೈ ಹಾಕದೆ ಚಮಚದಿಂದ ಕೆದಕಿ ಬಿಸಿಲಲ್ಲಿ ನೋಡಿ. ಗಾಜು ಬೆಳಕು ಹಾಯಿಸುತ್ತದೆ, ಪಿಂಗಾಣಿ ಮತ್ತು ಕಲ್ಲು ಮಂಕಾಗಿ ಕೂರುತ್ತವೆ. ಅಯಸ್ಕಾಂತ ಆಡಿಸಿದರೆ ಮುಚ್ಚಳದ ತುಣುಕುಗಳು ಎದ್ದು ಬರುತ್ತವೆ. ನಂತರ ಭೂತಗನ್ನಡಿಯಲ್ಲಿ ಆಕಾರ ನೋಡಿ. ಉದ್ದನೆಯ ಚಪ್ಪಟೆ ಸಿಬಿರುಗಳು ಜರಡಿಯ ಕಣ್ಣಿನಲ್ಲಿ ನೆಟ್ಟಗೆ ನಿಂತು ಇಳಿದುಬಿಡುತ್ತವೆ, ಆದ್ದರಿಂದ ಜರಡಿ ವರದಿ ಸರಿಯಿದ್ದರೂ ಮಾಲು ಸರಿಯಿರುವುದಿಲ್ಲ. ಡ್ರಮ್ಮಿನಲ್ಲಿ ಉರುಳಿಸಿ ಅಂಚು ಮೊಂಡಾಗಿಸಿದ ಹರಳನ್ನೇ ಕೇಳಿ.

ಕೂಲಿಂಗ್_ಟವರ್:

ನಮ್ಮಲ್ಲಿ ಗಾಜು ಹಾಕಿ ಮೂರು ವರ್ಷವಾಯಿತು, ಆದರೆ ನಮ್ಮದು ಕೂಲಿಂಗ್ ಟವರಿನ ಪಕ್ಕದ ಫಿಲ್ಟರ್. ಸುತ್ತುವ ನೀರಿನಲ್ಲಿ ಶೇ. 3ರಷ್ಟನ್ನು ಎಳೆದು ಸೋಸಿ ವಾಪಸ್ ಬಿಡುತ್ತೇವೆ. ಹಿಂದೆ ಮರಳಿದ್ದಾಗ ಪಾಚಿ ಮತ್ತು ಲೋಳೆಯಿಂದ ಹಾಸಿನಲ್ಲಿ ಹುಳು ಕೊರೆದಂತೆ ದಾರಿಗಳಾಗುತ್ತಿದ್ದವು, ನೀರೆಲ್ಲ ಆ ದಾರಿಯಲ್ಲೇ ಹಾಯುತ್ತಿತ್ತು. ಗಾಜಿನ ಮೈ ನುಣುಪಾದದ್ದರಿಂದ ಲೋಳೆ ಹಿಡಿದರೂ ಬ್ಯಾಕ್‌ವಾಶಿಗೆ ಬಿಟ್ಟುಕೊಡುತ್ತದೆ. ‘ಅಂಟುವುದೇ ಇಲ್ಲ’ ಎಂಬುದು ಮಾರುವವರ ಮಾತು. ‘ಬೇಗ ಬಿಡುತ್ತದೆ’ ಎಂಬಷ್ಟು ನಾನು ಧೈರ್ಯವಾಗಿ ಹೇಳುತ್ತೇನೆ.

ಆದರೆ ಮೊದಲ ತಿಂಗಳಲ್ಲೇ ನಮಗೊಂದು ಪೆಟ್ಟು ಬಿತ್ತು. ಹಾಕಿಸಿದವರು ಕೆಳಗಿನ ಲ್ಯಾಟರಲ್‌ಗಳ (ಸೋಸಿದ ನೀರನ್ನು ಹೊರಗೊಯ್ಯುವ ಸೀಳುಕೊಳವೆಗಳ) ಸೀಳು ಎಷ್ಟು ಅಗಲವಿದೆ ಎಂದು ನೋಡದೆ ನೇರವಾಗಿ ಸಣ್ಣ ಹರಳು ಸುರಿದಿದ್ದರು. ಒಂದು ಬೆಳಗ್ಗೆ ಪಂಪಿನ ಸೀಲ್ ಕಿರುಗುಟ್ಟತೊಡಗಿತು. ಬಿಚ್ಚಿದರೆ ಹಸಿರು ಪುಡಿ. ತಳದಲ್ಲಿ ದಪ್ಪ ಹರಳಿನ ಪದರವನ್ನೋ ಜಲ್ಲಿಯನ್ನೋ ಹಾಕಿ, ಅದರ ಮೇಲೆ ಸಣ್ಣದನ್ನು ಹಾಕಬೇಕಿತ್ತು. ಸಂಸ್ಥೆಯ ಹೆಸರು ಬೇಡ, ಆಮೇಲೆ ಸರಿಪಡಿಸಿಕೊಟ್ಟರು.

ಮರಳುಗಡಿಯಾರ:

ಒಳ್ಳೆಯ ಅನುಭವ. ಅದಕ್ಕೆ ಸೇರಿಸುವುದಾದರೆ, ಗಾಜು ಹೆಚ್ಚು ಉಬ್ಬುವುದರಿಂದ ಹಾಸಿನ ಮೇಲೆ ಖಾಲಿ ಜಾಗವೂ ಸಾಕಷ್ಟು ಇರಬೇಕು. 800 ಮಿ.ಮೀ. ಹಾಸಿಗೆ ಕನಿಷ್ಠ 350ರಿಂದ 400 ಮಿ.ಮೀ. ಇಲ್ಲದಿದ್ದರೆ ದುಬಾರಿ ಹರಳು ಬ್ಯಾಕ್‌ವಾಶ್ ನೀರಿನೊಂದಿಗೆ ಚರಂಡಿ ಸೇರುತ್ತದೆ.

ಕಾಗದದ_ಹುಲಿ:

ಖರೀದಿ ವಿಭಾಗದಲ್ಲಿ ಕೆಲಸ ಮಾಡಿದ ನನಗೆ ಕಂಡದ್ದನ್ನು ಹೇಳುತ್ತೇನೆ. ನಮ್ಮ ಟೆಂಡರುಗಳು ಫಿಲ್ಟರ್ ಮರಳಿಗೆ ಭಾರತೀಯ ಮಾನಕ ಐಎಸ್ 8419 ಅಥವಾ ಕೇಂದ್ರ ಸರ್ಕಾರದ ನೀರು ಸರಬರಾಜಿನ ತಾಂತ್ರಿಕ ಸಂಸ್ಥೆಯಾದ ಸಿಪಿಎಚ್‌ಇಇಒ ಕೈಪಿಡಿಯ ಷರತ್ತುಗಳನ್ನು ನಕಲು ಮಾಡಿಕೊಳ್ಳುತ್ತವೆ. ಎಫೆಕ್ಟಿವ್ ಸೈಜ್ (ತೂಕದಲ್ಲಿ ಶೇ. 10ರಷ್ಟು ಮರಳು ಇಳಿಯುವ ಜರಡಿಯ ಕಣ್ಣಿನ ಅಳತೆ) 0.45ರಿಂದ 0.70 ಮಿ.ಮೀ., ಯೂನಿಫಾರ್ಮಿಟಿ ಕೋಎಫಿಶಿಯೆಂಟ್ (ಕಣಗಳ ಗಾತ್ರ ಎಷ್ಟು ಸಮ ಎಂಬುದರ ಅಳತೆ) 1.7ರೊಳಗೆ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗುವ ಭಾಗ ಶೇ. 5 ಮೀರಬಾರದು, ಸಿಲಿಕಾ ಶೇ. 90ಕ್ಕೆ ಕಡಿಮೆಯಿರಬಾರದು ಎಂದು ಅಲ್ಲಿದೆ. ಬಾಟಲಿ ಗಾಜಿನಲ್ಲಿ ಸಿಲಿಕಾ ಇರುವುದೇ ಶೇ. 70 ಚಿಲ್ಲರೆ, ಉಳಿದದ್ದು ಸೋಡಾ ಮತ್ತು ಸುಣ್ಣ. ಹಾಗಾಗಿ ಎಷ್ಟೇ ಒಳ್ಳೆಯ ಗಾಜಾದರೂ ಈ ಒಂದು ಷರತ್ತಿನಲ್ಲಿ ನಪಾಸಾಗುತ್ತದೆ! ಆ ಷರತ್ತು ಮರಳಿನ ಶುದ್ಧತೆ ಅಳೆಯಲು ಬರೆದದ್ದು, ಗಾಜಿಗೆ ಅದು ಅರ್ಥವಿಲ್ಲದ್ದು. ಆದರೆ ಆಡಿಟಿನವರಿಗೆ ಅದನ್ನು ವಿವರಿಸುವ ಹೊತ್ತಿಗೆ ಫಿಲ್ಟರೇ ತುಕ್ಕು ಹಿಡಿದಿರುತ್ತದೆ. ಖಾಸಗಿ ಘಟಕವಾದ ನಿಮಗೆ ಆ ತಾಪತ್ರಯವಿಲ್ಲ, ಆದರೂ ನಿಮ್ಮದೇ ಷರತ್ತುಗಳನ್ನು ಬರೆದು ಆರ್ಡರಿಗೆ ಲಗತ್ತಿಸಿ.

ದರವನ್ನು ಟನ್ನಿನಲ್ಲಿ ಹೋಲಿಸಬೇಡಿ. ನಿಮ್ಮ ಪಾತ್ರೆಗೆ ಬೇಕಾದದ್ದು 0.9 ಘನ ಮೀಟರ್. ಮರಳಾದರೆ ಅದು ಸುಮಾರು 1.4 ಟನ್, ಗಾಜಾದರೆ 1.2 ಟನ್ನಿಗೂ ಕಡಿಮೆ. ಮರಳಿನಷ್ಟೇ ತೂಕದ ಗಾಜಿಗೆ ಬಿಲ್ ಮಾಡಿದ ಉದಾಹರಣೆ ನನ್ನ ಮೇಜಿನ ಮೇಲೆಯೇ ಹಾದುಹೋಗಿದೆ.

ತುಂಗೆಯ_ಮೀನು:

ನಾನು ಪ್ರಯೋಗಾಲಯದವಳು, ಇನ್ನೊಂದು ಕೋನದಿಂದ ಹೇಳುತ್ತೇನೆ. ನಿಮ್ಮ ನೀರಿನ ನೀಲಿ ಎಲ್ಲವೂ ಒಂದೇ ಬಗೆಯದಲ್ಲ. ಜೀನ್ಸಿನ ನೀಲಿ ಬಣ್ಣವಾದ ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ, ಅತಿ ಸಣ್ಣ ಕಣಗಳಾಗಿ ತೇಲುತ್ತದೆ. ಆಲಂ ಸರಿಯಾಗಿ ಬಿದ್ದು ಕಣಗಳು ಕೂಡಿಕೊಂಡರೆ ಅದನ್ನು ಮರಳೂ ಹಿಡಿಯುತ್ತದೆ, ಗಾಜೂ ಹಿಡಿಯುತ್ತದೆ. ಕರಗಿದ ಬಣ್ಣಗಳನ್ನು ಎರಡೂ ಹಿಡಿಯುವುದಿಲ್ಲ. ಆದ್ದರಿಂದ ಗಾಜು ಹಾಕಿದರೆ ನೀರಿನ ಬಣ್ಣ ಹೋಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಅದನ್ನು ಲೆಕ್ಕದಿಂದ ತೆಗೆದುಬಿಡಿ.

ನೀವು ಸುಣ್ಣ ಬಳಸುವುದರಿಂದ ಪಿಎಚ್ ಗಮನಿಸಿ. ಗಾಜು ಆಮ್ಲಕ್ಕೆ ಜಗ್ಗುವುದಿಲ್ಲ, ಆದರೆ ಕ್ಷಾರಕ್ಕೆ, ಅದರಲ್ಲೂ ಬಿಸಿ ಕ್ಷಾರಕ್ಕೆ, ನಿಧಾನವಾಗಿ ಸವೆಯುತ್ತದೆ. ಫಿಲ್ಟರಿಗೆ ಬರುವ ನೀರಿನ ಪಿಎಚ್ ಏಳು ಎಂಟರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ, ಹತ್ತು ದಾಟಿ ನಿಲ್ಲುವಂತಿದ್ದರೆ ಹತ್ತು ವರ್ಷದ ಮಾತನ್ನು ನಂಬಬೇಡಿ. ಮಾದರಿಯನ್ನು ಡಿಮಿನರಲೈಸ್ಡ್ (ಲವಣ ತೆಗೆದ) ನೀರಿನಲ್ಲಿ ಒಂದು ದಿನ ನೆನೆಸಿಟ್ಟು ಪಿಎಚ್ ಮತ್ತು ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಅಳೆಯಿರಿ. ಹೊಸದಾಗಿ ಒಡೆದ ಗಾಜಿನ ಪುಡಿಯಿಂದ ಸೋಡಿಯಂ ಬಿಡುಗಡೆಯಾಗಿ ಪಿಎಚ್ ಏರುತ್ತದೆ. ಚೆನ್ನಾಗಿ ತೊಳೆದ ಮಾಲಿನಲ್ಲಿ ಈ ಏರಿಕೆ ಕಡಿಮೆ.

ಮಾರುಕಟ್ಟೆಯಲ್ಲಿ ‘ಆಕ್ಟಿವೇಟೆಡ್’ ಗಾಜು ಎಂಬುದೂ ಇದೆ. ಸ್ಕಾಟ್ಲೆಂಡಿನ ಡ್ರೈಡನ್ ಆಕ್ವಾ ಸಂಸ್ಥೆಯ ಎಎಫ್‌ಎಂ ಇವುಗಳಲ್ಲಿ ಹೆಸರಾದದ್ದು. ಹಸಿರು ಮತ್ತು ಕಂದು ಬಾಟಲಿ ಗಾಜಿನ ಮೇಲ್ಮೈಯನ್ನು ಸಂಸ್ಕರಿಸಿ, ಅದರ ವಿದ್ಯುದಾವೇಶವನ್ನು ಬದಲಿಸಿ ತಯಾರಿಸುತ್ತಾರೆ. ಅದರ ಬಗೆಗಿನ ಪರೀಕ್ಷಾ ಫಲಿತಾಂಶಗಳನ್ನು ತೋರಿಸಿ ಮಾಮೂಲಿ ಪುಡಿಗಾಜು ಮಾರುವ ಅಭ್ಯಾಸ ನಮ್ಮಲ್ಲಿ ಶುರುವಾಗಿದೆ. ನಿಮಗೆ ಕೊಡುತ್ತಿರುವುದು ಯಾವುದು ಎಂದು ಲಿಖಿತವಾಗಿ ಕೇಳಿ.

ಹಳೆಯ ಮರಳನ್ನು ತೆಗೆದ ಮೇಲೆ ರಸ್ತೆ ಬದಿಗೆ ಸುರಿಯಬೇಡಿ. ಇಟಿಪಿಯ ರಾಸಾಯನಿಕ ಕೆಸರು 2016ರ ನಿಯಮಗಳಲ್ಲಿ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಆ ಕೆಸರು ಮೆತ್ತಿಕೊಂಡ ಮರಳನ್ನು ಏನು ಮಾಡಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಬಾಯ್ಲರ್_ಮನೆ:

ಮರಳು ಸುರಿಯುವಾಗ ಏಳುವ ಧೂಳಿನ ವಿಷಯ ಯಾರೂ ಎತ್ತಲಿಲ್ಲ. ಸ್ಫಟಿಕ ಸಿಲಿಕಾದ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್. ಗಾಜಿನ ಸಿಲಿಕಾ ಸ್ಫಟಿಕ ರೂಪದ್ದಲ್ಲ, ಆ ಮಟ್ಟಿಗೆ ಅದು ವಾಸಿ. ಹಾಗೆಂದು ಹುಡುಗರನ್ನು ಬರಿಗಾಲಲ್ಲಿ ಪಾತ್ರೆಯೊಳಗೆ ಇಳಿಸಬೇಡಿ. ಬೂಟು, ಕೈಗವಸು, ಕನ್ನಡಕ, ಮಾಸ್ಕ್ ನಾಲ್ಕೂ ಬೇಕು. ಚೀಲ ಸುರಿಯುವ ಮೊದಲು ಪಾತ್ರೆಯಲ್ಲಿ ಅರ್ಧದಷ್ಟು ನೀರು ತುಂಬಿಕೊಂಡರೆ ಧೂಳೂ ಏಳುವುದಿಲ್ಲ, ಲ್ಯಾಟರಲ್‌ಗಳೂ ಮುರಿಯುವುದಿಲ್ಲ.

ನೀರಗಂಟಿ_ಬಳ್ಳಾರಿ:

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಮಾಲೀಕರಿಗೆ ಪಂಪಿನ ಲೆಕ್ಕ ತೋರಿಸಿದೆ. ‘ಪಂಪಿಗೂ ಖರ್ಚು, ಗಾಜಿಗೂ ಖರ್ಚು, ಯಾವುದಾದರೂ ಒಂದನ್ನು ಹೇಳಿ’ ಎಂದರು. ಅವರ ಮಾತಿನಲ್ಲೂ ನ್ಯಾಯವಿದೆ.

ಮರಳುಗಡಿಯಾರ:

ಒಂದನ್ನೇ ಹೇಳಬೇಕೆಂದರೆ ಪಂಪ್. ಅದಕ್ಕೂ ಮೊದಲು ಖರ್ಚಿಲ್ಲದ ಎರಡು ಕೆಲಸ ಮಾಡಿ. 200 ಲೀಟರಿನ ಡ್ರಮ್ಮನ್ನು ಬ್ಯಾಕ್‌ವಾಶ್ ಪೈಪಿನ ಬಾಯಿಗೆ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ಎಂದು ನೋಡಿ, ನೇಮ್‌ಪ್ಲೇಟ್ ನಂಬಬೇಡಿ. ನಂತರ ಸ್ಟ್ಯಾಂಡ್‌ಬೈ ಪಂಪನ್ನೂ ಜೊತೆಗೆ ಓಡಿಸಿ ಅದೇ ಅಳತೆ ತೆಗೆದುಕೊಳ್ಳಿ.

ಗಾಜಿನ ಪರೀಕ್ಷೆಗೆ 150 ಮಿ.ಮೀ. ವ್ಯಾಸದ ಎರಡು ಅಕ್ರಿಲಿಕ್ ಪೈಪ್ ಸಾಕು. ಒಂದರಲ್ಲಿ 800 ಮಿ.ಮೀ. ಹೊಸ ಮರಳು, ಇನ್ನೊಂದರಲ್ಲಿ ಅಷ್ಟೇ ಗಾಜು. ಎರಡಕ್ಕೂ ನಿಮ್ಮದೇ ನೀರನ್ನು ನಿಮಿಷಕ್ಕೆ 3.4 ಲೀಟರಿನಂತೆ ಬಿಟ್ಟರೆ ದೊಡ್ಡ ಪಾತ್ರೆಯ ವೇಗವೇ ಸಿಗುತ್ತದೆ. ಬ್ಯಾಕ್‌ವಾಶಿಗೆ ನಿಮಿಷಕ್ಕೆ 10.6 ಲೀಟರ್ ಬಿಡಿ, ಅದು ಗಂಟೆಗೆ 36 ಮೀಟರ್. ಹಾಸು ಎಷ್ಟು ಉಬ್ಬುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಗಾಜಿನ ಖರ್ಚು ಒಂದು ಚೀಲ.

ನೀರಗಂಟಿ_ಬಳ್ಳಾರಿ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ.

ಒಂದೇ ಪಂಪಿನಲ್ಲಿ ಡ್ರಮ್ ತುಂಬಲು 52 ಸೆಕೆಂಡ್ ಬೇಕಾಯಿತು, ಅಂದರೆ ಗಂಟೆಗೆ 12 ಮೀಟರ್ ವೇಗ. ಎರಡೂ ಪಂಪ್ ಓಡಿಸಿದಾಗ 29 ಸೆಕೆಂಡ್, ವೇಗ 22 ಮೀಟರಿಗೆ ಏರಿತು. ಎರಡು ಪಂಪಿನ ಬ್ಯಾಕ್‌ವಾಶಿನ ಮೊದಲ ದಿನ ಹೊರಬಂದ ನೀರು ಕಾಡಿಗೆಯಂತಿತ್ತು, ಹದಿನೈದು ನಿಮಿಷವಾದರೂ ತಿಳಿಯಾಗಲಿಲ್ಲ. ಮ್ಯಾನ್‌ಹೋಲ್ ಬಿಚ್ಚಿ ಉಂಡೆಗಳನ್ನು ಕೈಯಿಂದ ಆರಿಸಿ ತೆಗೆಸಿದೆವು, ಮುರಿದಿದ್ದ ಎರಡು ಲ್ಯಾಟರಲ್ ಬದಲಿಸಿದೆವು, ಕಡಿಮೆಯಾದಷ್ಟು ಮರಳು ತುಂಬಿದೆವು. ಈಗ ಕಾರ್ಟ್ರಿಜ್ ವಾರಕ್ಕೆ ಒಂದೇ ಸಲ ಬದಲಿಸುತ್ತಿದ್ದೇವೆ. ದೊಡ್ಡ ಬ್ಯಾಕ್‌ವಾಶ್ ಪಂಪ್ ಮತ್ತು ಸಣ್ಣದೊಂದು ಬ್ಲೋವರಿಗೆ ಕೊಟೇಶನ್ ತರಿಸಿದ್ದೇವೆ.

ಪೈಪಿನ ಪರೀಕ್ಷೆ ಹತ್ತು ದಿನಗಳಿಂದ ನಡೆಯುತ್ತಿದೆ. ಗಾಜಿನ ಮಾದರಿಯಲ್ಲಿ ಪಿಂಗಾಣಿಯ ನಾಲ್ಕು ಚೂರು ಸಿಕ್ಕವು, ಅಯಸ್ಕಾಂತಕ್ಕೆ ಏನೂ ಬರಲಿಲ್ಲ. 36 ಮೀಟರಿನ ವೇಗಕ್ಕೆ ಗಾಜಿನ ಹಾಸು ಮರಳಿಗಿಂತ ನಾಲ್ಕು ಬೆರಳಿನಷ್ಟು ಹೆಚ್ಚು ಏರುತ್ತದೆ. ಬ್ಯಾಕ್‌ವಾಶ್ ನೀರು ಗಾಜಿನ ಪೈಪಿನಲ್ಲಿ ನಾಲ್ಕು ನಿಮಿಷಕ್ಕೆ ತಿಳಿಯಾದರೆ ಮರಳಿನ ಪೈಪಿನಲ್ಲಿ ಏಳು ನಿಮಿಷ ಹಿಡಿಯುತ್ತದೆ. ಸೋಸಿದ ನೀರಿನ ಟರ್ಬಿಡಿಟಿಯಲ್ಲಿ (ಕದಡಿನ ಅಳತೆಯಲ್ಲಿ) ಮಾತ್ರ ಇಲ್ಲಿಯವರೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ.

ನಾವು ಯಾರೂ ಎಣಿಸದಿದ್ದ ಒಂದು ಸಂಗತಿ ಪೈಪ್ ಪಾರದರ್ಶಕವಾಗಿದ್ದುದರಿಂದ ಕಂಡಿತು. ನಾಲ್ಕು ಗಂಟೆ ಓಡಿದ ಮೇಲೆ ಎರಡು ಹಾಸುಗಳ ಮೇಲೂ ಒಂದೇ ದಪ್ಪದ ನೀಲಿ ನೂಲಿನ ಹೊದಿಕೆ, ಕಂಬಳಿ ಹೊದಿಸಿದಂತೆ. ಒತ್ತಡ ಏರುವುದರಲ್ಲಿ ಮುಕ್ಕಾಲು ಪಾಲು ಆ ಹೊದಿಕೆಯದೇ. ಕಡ್ಡಿಯಿಂದ ಅದನ್ನು ಎತ್ತಿ ತೆಗೆದರೆ ಎರಡು ಪೈಪುಗಳೂ ಸರಾಗವಾಗಿ ಓಡುತ್ತವೆ.

ಹಳೇ_ಸೀಸೆ:

ಪಿಂಗಾಣಿ ಚೂರು ನಾಲ್ಕಿದ್ದರೆ ಆ ಚೀಲ ವಾಪಸ್ ಮಾಡಿ.

ಮರಳುಗಡಿಯಾರ:

ನೂಲಿಗೆ ಫಿಲ್ಟರಿನಲ್ಲಿ ಮದ್ದಿಲ್ಲ, ವಾಷಿಂಗ್ ಯಂತ್ರದ ಚರಂಡಿಯ ಬಾಯಿಯಲ್ಲೇ ಜರಡಿ ಕೂರಿಸಬೇಕು. ಒಂದು ಮಿಲಿಮೀಟರ್ ಕಣ್ಣಿನ ಸ್ಟೇನ್‌ಲೆಸ್ ಜರಡಿಯ ಹಿಂದೆ ಅದಕ್ಕಿಂತ ಸಣ್ಣ ಕಣ್ಣಿನ ಇನ್ನೊಂದು, ಪಾಳಿಗೆ ಎರಡು ಸಲ ಉಜ್ಜುವಂತೆ ಕಳಚಿ ತೆಗೆಯುವ ಚೌಕಟ್ಟಿನಲ್ಲಿ. ಜರಡಿ ಬಿದ್ದ ಮೇಲೆ ಪೈಪಿನ ಪರೀಕ್ಷೆಯನ್ನು ಮೊದಲಿನಿಂದ ಇನ್ನೊಮ್ಮೆ ಮಾಡಿ. ಆ ನಾಲ್ಕು ಮತ್ತು ಏಳು ನಿಮಿಷದ ಅಂತರ ಆಗಲೂ ಉಳಿದರೆ, ಬ್ಯಾಕ್‌ವಾಶ್ ನೀರನ್ನು ಮತ್ತೆ ಇಟಿಪಿಯಲ್ಲಿ ಸಂಸ್ಕರಿಸಲು ನಿಮಗೆ ತಗಲುವ ಖರ್ಚಿನೊಂದಿಗೆ ಗಾಜಿನ ಬೆಲೆಯನ್ನು ತೂಗಿ ನೋಡಬಹುದು.

ನೀರಗಂಟಿ_ಬಳ್ಳಾರಿ:

ಫ್ಯಾಬ್ರಿಕೇಶನ್ ಅಂಗಡಿಯವರು ಸೋಮವಾರ ಅಳತೆಗೆ ಬರುತ್ತಾರೆ. ಗಾಜಿನ ಚೀಲವನ್ನು ಇಂದೇ ಹಿಂದಕ್ಕೆ ಕಳುಹಿಸಿದ್ದೇನೆ, ಬೇರೆ ಕಡೆಯಿಂದ ಮಾದರಿ ಬಂದ ಮೇಲೆ ಇದೇ ಚರ್ಚೆಯಲ್ಲಿ ಲೆಕ್ಕ ಹಾಕುತ್ತೇನೆ.